ಈಜಿಪ್ಟಿನ ರಾಜನಿಗೊಂದು ಮನೆ

ಚನ್ನಪಟ್ಟಣದ ಕುದುರೆ ಸವಾರನಿಗೆ ನಾಲ್ಕು ರೂಪಾಯಿ, ಮಣ್ಣಿನ ಶೆಟ್ಟಿ-ಶೆಟ್ಟಮ್ಮನ ಜೋಡಿಗೆ ಎರಡೂವರೆ. ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಈಜಿಪ್ಟ್ ದೇಶಕ್ಕೆ ಮಾತ್ರ ಇಪ್ಪತ್ತೆಂಟು. ಒಂದು ಪಿರಮಿಡ್, ಎರಡು ಒಂಟೆ, ಆರು ಖರ್ಜೂರದ ಮರ, ಎಂಟು ಸಿಪಾಯಿಗಳು, ಚಿನ್ನದ ಬಣ್ಣದ ಪೆಟ್ಟಿಗೆಯಲ್ಲಿ ಮಲಗಿದ ಒಬ್ಬ ರಾಜ. ಒಟ್ಟು ಹದಿನೆಂಟು.

ಮಗಳು ಕೋಕಿಲಾ ಬೊಂಬೆ ಅಂಗಡಿ ಮುಂದೆ ಗೂಟ ಹೊಡೆದ ಹಾಗೆ ನಿಂತಿದ್ದಕ್ಕೆ ಸೇತುರಾಮ ಅದನ್ನು ಕೊಂಡಿದ್ದ. ನವರಾತ್ರಿಯ ಮೊದಲ ದಿನ ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಬೊಂಬೆ ಕೂರಿಸುವಾಗ, ಮೂರನೇ ಮೆಟ್ಟಿಲಲ್ಲಿ ತಾನೇ ಮರಳು ಹರಡಿ ಇಡೀ ದೇಶವನ್ನು ಜೋಡಿಸಿದ್ದ.

ಆರನೇ ದಿನ ಬೆಳಗ್ಗೆ ಪಕ್ಕದ ಮನೆಯ ವೆಂಕಟಗಿರಿ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೆ ಅವರಿಗೆ ಪಾಠ ಹೇಳಲು ಮಕ್ಕಳು ಸಿಗುತ್ತಿರಲಿಲ್ಲ, ಸಿಕ್ಕವರಿಗೇ ಹೇಳುತ್ತಿದ್ದರು. ಕನ್ನಡಕ ಮೂಗಿನ ತುದಿಗಿಳಿಸಿ, ರಾಜನ ಮುಖ ಕೆತ್ತಿದ್ದ ಚಿನ್ನದ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಳಗೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿದ ಬೊಂಬೆ.

"ಸೇತುರಾಮ, ಇದೇನು ಗೊತ್ತೇನಯ್ಯ?"

"ನಿದ್ದೆ ಮಾಡ್ತಿರೋ ರಾಜ ಸಾರ್."

"ನಿದ್ದೆ ಅಲ್ಲ ಕಣಯ್ಯ. ಹೆಣ. ಮೂರು ಸಾವಿರ ವರ್ಷದ್ದು. ಮಮ್ಮಿ ಅಂತಾರೆ."

ಕಾಫಿ ತರುತ್ತಿದ್ದ ಹೆಂಡತಿ ಅನಂತಲಕ್ಷ್ಮಿ ಬಾಗಿಲಲ್ಲೇ ನಿಂತಳು. ಅವತ್ತೇ ಸಂಜೆ ಮನೆ ಮಾಲೀಕ ಕೆಂಚಪ್ಪ ಹೆಂಡತಿ ಮುನಿಲಕ್ಷ್ಮಮ್ಮನ ಜೊತೆ ಬೊಂಬೆ ನೋಡಲು ಬರುವವನಿದ್ದ. ಅವನ ಅಳಿಯ ಆ ಮನೆ ಮೇಲೆ ಕಣ್ಣಿಟ್ಟಿದ್ದ. "ನಮ್ಮನೆಯವ್ರಿಗೆ ಒಪ್ಪಿಗೆ ಆದ್ರೆ ನೀವೇ ಇರಿ" ಎಂದು ಕೆಂಚಪ್ಪ ಹೇಳಿದ್ದ. ಹಿಂದೆ ಇದ್ದವರು ತೀರಿಕೊಂಡ ತಾತನ ಫೋಟೋವನ್ನು ದೇವರ ಫೋಟೋ ಪಕ್ಕ ತೂಗುಹಾಕಿದ್ದಕ್ಕೇ ಆಯಮ್ಮ ಅವರನ್ನು ಬಿಡಿಸಿದ್ದಳು. ಇಲ್ಲಿ ಫೋಟೋ ಅಲ್ಲ, ಹೆಣವೇ.

"ತೆಗೆದು ಅಟ್ಟದ ಮೇಲೆ ಹಾಕ್ತೀನಿ" ಎಂದ ಸೇತುರಾಮ.

"ಕೂರಿಸಿದ ಬೊಂಬೆ ವಿಜಯದಶಮಿವರೆಗೂ ಇಳಿಸೋ ಹಾಗಿಲ್ಲ ರೀ. ಮುಟ್ಟಿದ್ರೆ ನೋಡಿ" ಎಂದಳು ಅನಂತಲಕ್ಷ್ಮಿ.

ಎದುರುಮನೆಯ ಅಂಬುಜಾ ಸಕ್ಕರೆ ಕೇಳುವ ನೆಪದಲ್ಲಿ ಒಳಗೆ ಬಂದಳು. "ಅಯ್ಯೋ, ಬೊಂಬೆ ಮಲಗಿಸಿಬಿಟ್ಟಿದೀರಲ್ಲ ಅನಂತು. ಹಬ್ಬ ಮುಗಿದ ದಿನ ಅಲ್ವೇನೇ ಮಲಗಿಸೋದು?"

ಸರಿ, ಎಬ್ಬಿಸೋಣವೆಂದು ಸೇತುರಾಮ ರಾಜನನ್ನು ಕೂರಿಸಲು ಹೋದ. ಸೊಂಟ ಬಗ್ಗಲಿಲ್ಲ. ನಿಲ್ಲಿಸಿದ, ಅವನು ಪಟ್ಟದ ಬೊಂಬೆಗಳಲ್ಲಿದ್ದ ರಾಣಿಯ ಮೇಲೆ ಬಿದ್ದ. ಅಕ್ಕಿ ತುಂಬಿದ ಲೋಟದಲ್ಲಿ ನೆಟ್ಟ. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಸ್ಸಿಗೆ ಕಾಯುವ ರೋಗಿಯ ಹಾಗೆ ಕಂಡ. ಅರ್ಧ ಗಂಟೆಯಲ್ಲಿ ಉರುಳಿ ಕಡಲೆಕಾಳಿನ ಉಸಲಿಗೆ ಬಿದ್ದ. ಉಸಲಿಯನ್ನು ಹೊಸದಾಗಿ ಮಾಡಬೇಕಾಯಿತು. ಸೇತುರಾಮ ಗೇಟಿಗೂ ಬೊಂಬೆಗೂ ಓಡಾಡಿ ಕಾಲು ಸವೆಸಿದ.

ನಾಲ್ಕು ಗಂಟೆಗೆ ಅಂಬುಜಾಗೆ ಉಪಾಯ ಹೊಳೆಯಿತು. "ಪೆಟ್ಟಿಗೇಲೇ ಮಲಗಿಸಿ ಮುಚ್ಚಳ ಮುಚ್ಚಿ ನೋಡಿ ಅಣ್ಣ. ಮೈಯೆಲ್ಲ ಚಿನ್ನ, ತಲೆ ಮೇಲೆ ಹಾವಿನ ಹೆಡೆ. ಒಂದು ನಾಮ ಎಳೆದ್ರೆ ಮಲಗಿದ ರಂಗನಾಥಸ್ವಾಮಿನೇ."

ಸೇತುರಾಮ ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಉಸಿರು ಬಿಗಿಹಿಡಿದು ಮುಚ್ಚಳದ ಮುಖಕ್ಕೆ ನಾಮ ಎಳೆದ. ಹಳದಿ ರವಿಕೆ ಕಣದ ತುಂಡು ಹೊದಿಸಿದ, ತುಳಸಿ ಏರಿಸಿದ. ಒಂಟೆಗಳನ್ನು ಮರದ ಹಿಂದೆ ತಳ್ಳಿದ. ಪಿರಮಿಡ್ಡಿಗೆ ಹೂ ಮುಡಿಸಿದ ಮೇಲೆ ಅದೂ ಬೆಟ್ಟವಾಯಿತು.

ಆರಕ್ಕೆ ಕೆಂಚಪ್ಪ ದಂಪತಿ ಬಂದರು. ಹಿಂದೆಯೇ ವೆಂಕಟಗಿರಿ ಮೇಷ್ಟ್ರು.

ಮುನಿಲಕ್ಷ್ಮಮ್ಮ ಒಂದೊಂದೇ ಮೆಟ್ಟಿಲು ನೋಡುತ್ತ ಮೂರನೆಯದಕ್ಕೆ ಬಂದು ನಿಂತಳು. "ಇದ್ಯಾವ್ದವ್ವ?"

"ಇದು ವಾಸ್ತವವಾಗಿ..." ಎಂದು ಮೇಷ್ಟ್ರು ಶುರುಮಾಡಿದರು. ಸೇತುರಾಮ ಒಂದು ಹಿಡಿ ಉಸಲಿಯನ್ನು ಅವರ ಬಾಯಿಗೇ ಹಾಕಿದ. "ಪ್ರಸಾದ ಸಾರ್, ಮೊದಲು ತಗೊಳ್ಳಿ."

"ಅಜ್ಜಿ, ಮುಚ್ಚಳ ತೆಗೆದ್ರೆ ಒಳಗೆ..." ಎಂದಳು ಕೋಕಿಲಾ. ಅನಂತಲಕ್ಷ್ಮಿ ಅವಳನ್ನು ನೀರು ತರಲು ಅಟ್ಟಿದಳು.

"ರಂಗನಾಥಸ್ವಾಮಿ ಅಮ್ಮ" ಎಂದ ಸೇತುರಾಮ.

ಮುನಿಲಕ್ಷ್ಮಮ್ಮ ಸೆರಗು ಹೊದ್ದು ಕೈಮುಗಿದಳು. ಕಣ್ಣು ಒದ್ದೆಯಾದವು. "ವರ್ಷದಿಂದ ಕನಸಲ್ಲಿ ಬತ್ತಾವನೆ, ಮಲಗಕ್ಕೆ ಜಾಗ ಕೊಡು ಅಂತಾನೆ. ನಮ್ಮನೇಲೇ ಬಂದು ಮಲಗವನೆ ನೋಡಿ." ಗಂಡನ ಕಡೆ ತಿರುಗಿದಳು. "ಈ ಮನೆ ಯಾವ ಅಳಿಯಂಗೂ ಬ್ಯಾಡ."

ಸೇತುರಾಮನ ಎದೆಯಿಂದ ಒಂದು ಮಣ ಭಾರ ಇಳಿಯಿತು. ಅನಂತಲಕ್ಷ್ಮಿ ಅರಿಶಿನ ಕುಂಕುಮದ ತಟ್ಟೆ ತಂದಳು.

ಆಯಮ್ಮ ಕುಂಕುಮ ಇಟ್ಟುಕೊಂಡು ಮುಂದುವರಿಸಿದಳು. "ಬಾಡಿಗೆಯೋರ್ಗೂ ಬ್ಯಾಡ. ದೇವರು ಮಲಗಿರೋ ತಾವ ಸಂಸಾರ ಮಾಡಬಾರ್ದು. ಇಲ್ಲೇ ಇರ್ಲಿ ಸ್ವಾಮಿ. ಶನಿವಾರ ಶನಿವಾರ ಭಜನೆ ಇಡಾನ."

ಕೆಂಚಪ್ಪ ತಲೆ ಕೆರೆದುಕೊಂಡ. "ಅವಳು ಅಂದ್ಮೇಲೆ ಮುಗೀತು ಸಾಮಿ. ಒಂದು ತಿಂಗಳು ಟೈಮ್ ತಗಳಿ. ದೀಪಾವಳಿ ಇಲ್ಲೇ ಮಾಡ್ಕಂಡು ಹೋಗಿ."

ಮೇಷ್ಟ್ರು ಅಷ್ಟರಲ್ಲಿ ಉಸಲಿ ನುಂಗಿದ್ದರು. ಸೇತುರಾಮನ ಕಿವಿಯ ಹತ್ತಿರ ಬಗ್ಗಿದರು. "ನಿಜ ಏನೂಂತ ಈಗ ಹೇಳ್ಲೇನಯ್ಯ?"

"ಹೇಳಿದ್ರೆ ಇವತ್ತೇ ಖಾಲಿ ಮಾಡ್ಬೇಕು ಸಾರ್. ಹೇಳದೇ ಇದ್ರೆ ಒಂದು ತಿಂಗಳಿದೆ" ಎಂದ ಸೇತುರಾಮ. "ಇನ್ನೊಂದು ಹಿಡಿ ಉಸಲಿ ತಗೊಳ್ಳಿ."

ದೀಪಾವಳಿ ಕಳೆದ ಮೇಲೆ ಅವರು ಕೆಂಗೇರಿಗೆ ಹೋದರು. ಅಲ್ಲಿಂದ ಆಫೀಸಿಗೆ ಎರಡು ಬಸ್ಸು. ಮನೆ ಬಿಟ್ಟು ಹೊರಡುವಾಗ ಮುನಿಲಕ್ಷ್ಮಮ್ಮ ಅರ್ಧ ಹೋಳು ಕಾಯಿ, ಎರಡು ಬಾಳೆಹಣ್ಣು ಕೊಟ್ಟಳು. ಹದಿನೆಂಟರಲ್ಲಿ ಹದಿನೇಳು ಕೋಕಿಲಾಳ ಜೊತೆ ಬಂದವು. ಹದಿನೆಂಟನೆಯವನು ರಾಜಾಜಿನಗರದಲ್ಲೇ ಉಳಿದ, ಬಾಡಿಗೆಯಿಲ್ಲದೆ.