ಡ್ಯಾಶ್‌ಬೋರ್ಡಿನೊಳಗೆ ಲೊಚಗುಟ್ಟಿದ್ದು

ಒಂದು ಮನೆಯಲ್ಲಿ ಏನು ನಡೆಯಿತು ಎಂಬುದಕ್ಕೂ ಅದನ್ನು ನೆಂಟರು ಊಟದ ಪಂಕ್ತಿಯಲ್ಲಿ ಕೂತು ಹೇಗೆ ಹೇಳುತ್ತಾರೆ ಎಂಬುದಕ್ಕೂ ಸಂಬಂಧ ಇರಲೇಬೇಕೆಂಬ ಕಾನೂನು ಎಲ್ಲೂ ಇಲ್ಲ. ನಮ್ಮ ಕಾರಿನ ಕಥೆಯನ್ನೇ ತೆಗೆದುಕೊಳ್ಳಿ. ಬ್ರಹ್ಮಾವರದಿಂದ ಬೈಂದೂರಿನ ತನಕ ಹರಡಿಕೊಂಡಿರುವ ನಮ್ಮ ಬಂಧುಬಳಗದ ಪ್ರಕಾರ ಆ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಒಂದು ಹಲ್ಲಿ ಸೇರಿಕೊಂಡಿತ್ತು. ಅಪ್ಪಯ್ಯ ಆಡಿದ ಮಾತಿಗೆಲ್ಲ ಅದು ಲೊಚಗುಟ್ಟಿ ಸಾಕ್ಷಿ ಹೇಳುತ್ತಿತ್ತು. ಅಣ್ಣ ಅದನ್ನು ಹೊರಗೆ ಓಡಿಸಿದ, ಎ.ಸಿ. ತಂಪಾಯಿತು, ಅವನ ದೆಸೆಯೂ ತಿರುಗಿತು. ಬ್ರಹ್ಮಾವರದ ಅತ್ತೆ ಹೇಳುವಾಗ ಹಲ್ಲಿ ಒಳಗೆ ಮೊಟ್ಟೆಯನ್ನೂ ಇಟ್ಟಿರುತ್ತದೆ. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. 'ವಿಜ್ಞಾನ ವರವೋ ಶಾಪವೋ' ಎಂಬ ವಿಷಯದ ಮೇಲೆ ಕುಂದಾಪುರದಲ್ಲಿ ವರ ಎಂದೂ ಬ್ರಹ್ಮಾವರದಲ್ಲಿ ಶಾಪ ಎಂದೂ ವಾದಿಸಿ ಎರಡೂ ಕಡೆ ಶೀಲ್ಡ್ ತಂದವಳು. ಆ ಶೀಲ್ಡುಗಳ ಸಂದಿಯಲ್ಲಿ ಅಮ್ಮ ಈಗ ಬಾಚಣಿಗೆ ಸಿಕ್ಕಿಸಿಡುತ್ತಾಳೆ, ಅದು ಬೇರೆ ಮಾತು. ಸಾಕ್ಷಿಯಿಲ್ಲದ ಮಾತು ಕೇಳಿ ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಟಾರ್ಚ್ ಹಿಡಿದು ಒಳಗೆ ಇಣುಕಿದ್ದು ಅತ್ತೆಯಲ್ಲ, ನಾನು. ಹಲ್ಲಿ ಇರಲಿಲ್ಲ. ಹಲ್ಲಿಯ ಬಾಲವೂ ಇರಲಿಲ್ಲ.

ಕಾರು ಮೂಲತಃ ಬೊಂಬಾಯಿ ಮಾವನದು. ಮಾವ ಎಂದರೆ ಅಮ್ಮನ ಅಣ್ಣ, ಅಲ್ಲಿ ಹೋಟೆಲು ನಡೆಸುವವರು. ಅವರು ಹೊಸ ಕಾರು ಕೊಂಡಾಗ ಹಳೆಯದು ನಮಗೆ ಬಂತು. ಅವರ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದ ನನ್ನ ಅಣ್ಣ ಮಂಜುನಾಥ ಅದನ್ನು ಓಡಿಸಿಕೊಂಡು ಊರಿಗೆ ಬಂದ. ಕಾರು ಹಿಂದಕ್ಕೆ ಹೋಗಲಿಲ್ಲ, ಅಣ್ಣನೂ ಹೋಗಲಿಲ್ಲ. ಹೋಟೆಲಿನ ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಸರಿಮಾಡಿದ್ದಕ್ಕೆ ಮಾವ ಅವನನ್ನು ಹೊಗಳುವ ಬದಲು, ಗಲ್ಲೆ ಬಿಟ್ಟು ಎದ್ದದ್ದು ಯಾಕೆ ಎಂದು ಕೇಳಿದ್ದರಂತೆ. ಅಂದೇ ಅವನಿಗೆ ಬೊಂಬಾಯಿ ಸಾಕಾಗಿತ್ತು. ತೆಕ್ಕಟ್ಟೆಯಲ್ಲಿ ಹೆದ್ದಾರಿ ಪಕ್ಕ ಒಂದು ಕೋಣೆ ಬಾಡಿಗೆಗೆ ಹಿಡಿದು, ಕಾರುಗಳಿಗೆ ಸೀಟ್ ಕವರು, ಮ್ಯಾಟು, ಸ್ಟೀರಿಯೋ ಹಾಕುವ ಅಂಗಡಿ ತೆರೆದ. ಹೆದ್ದಾರಿಯನ್ನು ಅಗಲ ಮಾಡಲೆಂದು ಅಗೆದು ಹಾಕಿದ್ದ ಕಾಲ ಅದು. ಅಂಗಡಿಗೆ ಗಿರಾಕಿಗಿಂತ ಕೆಂಪು ಧೂಳು ಜಾಸ್ತಿ ಬರುತ್ತಿತ್ತು. ಸ್ವತಃ ಬೊಂಬಾಯಿಯಲ್ಲಿ ಲೋಟ ತೊಳೆದು ಮೇಲೆ ಬಂದ ಅಪ್ಪಯ್ಯನಿಗೆ, ಗಂಡುಮಕ್ಕಳು ಮನುಷ್ಯರಾಗುವುದು ಘಟ್ಟ ಹತ್ತಿದ ಮೇಲೆಯೇ ಎಂಬ ನಂಬಿಕೆ. ಮಳೆ ಹಿಡಿಯುವುದರೊಳಗೆ ಅಂಗಡಿ ತನ್ನ ಕಾಲ ಮೇಲೆ ನಿಲ್ಲದಿದ್ದರೆ ಅಣ್ಣ ಬೊಂಬಾಯಿ ಬಸ್ಸು ಹತ್ತಬೇಕು ಎಂದು ಅವರು ಗಡುವು ಕೊಟ್ಟಿದ್ದರು. ಮಾವನೂ ವಾರಕ್ಕೊಮ್ಮೆ ಫೋನು ಮಾಡಿ, ಗಲ್ಲೆಗೆ ಬೇರೆಯವರನ್ನು ನೋಡಲೋ ಬೇಡವೋ ಎಂದು ಕೇಳುತ್ತಿದ್ದರು.

ಅಣ್ಣನ ಆಸೆಯೆಲ್ಲ ಬೈಂದೂರಿನ ರಘುರಾಮಣ್ಣನ ಮೇಲಿತ್ತು. ಟೂರಿಸ್ಟ್ ವ್ಯಾನುಗಳನ್ನು ಓಡಿಸುವ ಅವರು, ಮೊದಲು ನಿಮ್ಮ ಮನೆ ಗಾಡಿಗೆ ಮಾಡಿ ತೋರಿಸು, ಚಂದ ಕಂಡರೆ ನನ್ನ ಗಾಡಿಗಳನ್ನು ಕೊಡುತ್ತೇನೆ ಎಂದಿದ್ದರು. ನಮ್ಮ ಗಾಡಿಯ ರೇಡಿಯೋ ಆಗಲೇ ಒಂದು ಸೀಡಿ ನುಂಗಿ ಕೂತಿತ್ತು. ಬದಲಿಸಲು ನೆಪ ಬೇಕಿರಲಿಲ್ಲ. ಕಷ್ಟವೆಂದರೆ ಆ ಕಾರಿನಲ್ಲಿ ರೇಡಿಯೋವೂ ಎ.ಸಿ.ಯ ಗುಂಡಿಗಳೂ ಒಂದೇ ಹಲಗೆಯಲ್ಲಿ ಕೂತಿದ್ದವು. ಒಂದನ್ನು ತೆಗೆದರೆ ಇನ್ನೊಂದು ಕೈಗೆ ಬರುತ್ತದೆ, ಅವಿಭಕ್ತ ಕುಟುಂಬದ ಹಾಗೆ. ಅದಕ್ಕೆಂದೇ ಒಂದು ಕಿಟ್ ಸಿಗುತ್ತದೆ. ಹೊಸ ಹಲಗೆ, ಮೇಲೆ ಹೊಸ ಸ್ಟೀರಿಯೋಕ್ಕೆ ಜಾಗ, ಕೆಳಗೆ ಎ.ಸಿ.ಗೆ ಹೊಸ ಗುಂಡಿಗಳು, ಹಿಂದೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಒಂದು ಪೆಟ್ಟಿಗೆ, ಅದರಿಂದ ಇಳಿಬಿದ್ದ ಬಣ್ಣಬಣ್ಣದ ವಯರುಗಳು. ಒಂದು ಭಾನುವಾರ ನಮ್ಮ ಅಂಗಳದಲ್ಲೇ ಅಣ್ಣ ಹಳೆಯ ಹಲಗೆಯನ್ನು ಕಿತ್ತ. ನಾನು ಟಾರ್ಚ್ ಹಿಡಿದೆ, ಸಲಹೆಗಳನ್ನೂ ಕೊಟ್ಟೆ. ಸಲಹೆ ಬೇಡ, ಬೆಳಕು ಸಾಕು ಎಂದ.

ಇಲ್ಲಿ ಅಪ್ಪಯ್ಯನ ಒಂದು ಗುಣವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಸ್ವಿಚ್ ಆರಿಸುವ ಮನುಷ್ಯ. ದೂರದಲ್ಲಿ ಗುಡುಗು ಗುರ್ ಎಂದರೆ ಸಾಕು, ಟೀವಿಯ ವಯರು, ಫೋನಿನ ವಯರು ಎಲ್ಲವನ್ನೂ ಗೋಡೆಯಿಂದ ಕಿತ್ತು ಸುರುಳಿ ಸುತ್ತಿಡುತ್ತಾರೆ. ನಮ್ಮ ಕರಾವಳಿಯಲ್ಲಿ ಸಿಡಿಲಿಗೆ ಹೆದರದವರಿಲ್ಲ, ಒಪ್ಪುತ್ತೇನೆ. ಆದರೆ ಅಪ್ಪಯ್ಯ ನೆಂಟರ ಮನೆಗೆ ಹೋಗುವಾಗ ಫ್ರಿಜ್ಜನ್ನೂ ಆರಿಸುತ್ತಾರೆ. ತಿರುಗಿ ಬಂದ ಮೇಲೆ ಹುಳಿಯಾದ ಹಾಲನ್ನು ನೋಡಿ, ಹಾಲು ಹೋದರೂ ಮನೆ ಉಳಿಯಿತಲ್ಲ ಎನ್ನುತ್ತಾರೆ. ಆ ದಿನವೂ ಅಂಗಳದಲ್ಲಿ ನಿಂತು, ಕೀ ತೆಗೆದ ಮೇಲೆ ಬ್ಯಾಟರಿಯಿಂದ ಒಂದು ಹನಿ ಕರೆಂಟೂ ಹೋಗಕೂಡದು ಎಂದು ಅಣ್ಣನಿಗೆ ತಾಕೀತು ಮಾಡಿದರು. ಹೋಗುವುದಿಲ್ಲ ಎಂದು ಅಣ್ಣ ತಲೆಯೆತ್ತದೆ ಹೇಳಿದ.

ಕೆಲಸ ಮುಗಿಯಿತು. ಅಮ್ಮ ಹೊಸ ಹಲಗೆಗೆ ಕುಂಕುಮ ಹಚ್ಚಿದಳು. ಅಪ್ಪಯ್ಯ ಕೂತು ಕೀ ತಿರುಗಿಸಿದರು. ತಿರುಗಿಸಿ, ಹೊಸ ಗುಂಡಿಗಳನ್ನು ಒಮ್ಮೆ ನೋಡಿ, ನಿಧಾನವಾಗಿ ಹೇಳಿದರು:

"ಚಂದ ಇತ್ತ್. ಆರೆ ಅಂಗ್ಡಿ ಮಳ್ಗಾಲ ದಾಟುದ್ ಡೌಟೇ."

ಡ್ಯಾಶ್‌ಬೋರ್ಡಿನ ಒಳಗಿಂದ ಸ್ಪಷ್ಟವಾಗಿ ಕೇಳಿಸಿತು: ಲೊಚ್ ಲೊಚ್ ಲೊಚ್. ಹಲ್ಲಿ ನುಡಿದರೆ ಆಡಿದ ಮಾತು ಸತ್ಯ, ಇದು ನಮ್ಮ ಕಡೆ ಮಗುವಿಗೂ ಗೊತ್ತು. ಅಮ್ಮನ ಬೆರಳು ತನ್ನಷ್ಟಕ್ಕೆ ಹಲಗೆಯನ್ನು ಕುಟ್ಟಿ "ಕೃಷ್ಣ ಕೃಷ್ಣ" ಎಂದಿತು. ಅಣ್ಣನ ಮುಖ ಇಳಿದದ್ದನ್ನು ನಾನು ನೋಡಿದೆ.

ಆಮೇಲೆ ಇದೊಂದು ನಿತ್ಯಪೂಜೆಯೇ ಆಯಿತು. ಅಪ್ಪಯ್ಯ ಕೋಟೇಶ್ವರಕ್ಕೆ ತರಕಾರಿಗೆ ಹೊರಡುವಾಗ ಕೀ ತಿರುಗಿಸಿ, ಬೊಂಬಾಯಿಯಲ್ಲಿದ್ದಿದ್ದರೆ ಇವನು ಈಗ ಮ್ಯಾನೇಜರ್ ಆಗಿರುತ್ತಿದ್ದ ಎನ್ನುವರು; ಒಳಗಿಂದ ಲೊಚ್ ಲೊಚ್. ಅಮ್ಮನನ್ನು ಆನೆಗುಡ್ಡೆ ದೇವಸ್ಥಾನಕ್ಕೆ ಕರೆದೊಯ್ಯುವಾಗ ಕೀ ತಿರುಗಿಸಿ, ಧೂಳು ತಿನ್ನಲು ಊರಿಗೆ ಬರಬೇಕಿತ್ತಾ ಎನ್ನುವರು. ಒಳಗಿಂದ ಲೊಚ್ ಲೊಚ್. ಎ.ಸಿ. ಬೇರೆ ಹುಚ್ಚಾಟಕ್ಕೆ ಇಳಿದಿತ್ತು. ಒಮ್ಮೆ ತಂಪು, ಇನ್ನೊಮ್ಮೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂಥ ಬಿಸಿ. ಧೂಳಿಗೆ ಗಾಜು ಇಳಿಸುವಂತಿಲ್ಲ, ಬಿಸಿಗೆ ಏರಿಸುವಂತಿಲ್ಲ. ಒಂದು ಸಂಜೆ ಅಣ್ಣ ಅಂಗಡಿಯಲ್ಲಿ ಕೂತು, ಹಲ್ಲಿಯೂ ಅಪ್ಪಯ್ಯನ ಪಾರ್ಟಿ ಎಂದು ನಗಲು ನೋಡಿದ, ನಗು ಪೂರ್ತಿ ಬರಲಿಲ್ಲ. "ಅಲ್ ಗಲ್ಲೆಯಗ್ ಕೂಕಂಡ್ರೆ ನನ್ ಕೈಯೇ ನನ್ನದಲ್ಲ ಅಂದೇಳಿ ಆತ್ತ್," ಎಂದ. ಇವನನ್ನು ಹಲ್ಲಿಯ ಕೈಗೆ ಒಪ್ಪಿಸುವುದಿಲ್ಲ ಎಂದು ಆಗ ತೀರ್ಮಾನಿಸಿದೆ.

ವಾದದಲ್ಲಿ ಮೊದಲ ಪಾಠ, ಎದುರಾಳಿಯ ಸಾಕ್ಷಿಯನ್ನು ಪಾಟೀಸವಾಲಿಗೆ ಎಳೆಯುವುದು. ಮರುದಿನ ಅಪ್ಪಯ್ಯ, ಅಮ್ಮನ ಜೊತೆ ಕುಂದಾಪುರಕ್ಕೆ ಹೋಗುವಾಗ ನಡುದಾರಿಯಲ್ಲಿ ಗಟ್ಟಿಯಾಗಿ ಹೇಳಿದೆ, ನಾನು ಮುಂದೆ ಜಿಲ್ಲಾಧಿಕಾರಿ ಆಗುತ್ತೇನೆ ಎಂದು. ಡ್ಯಾಶ್‌ಬೋರ್ಡು ತೆಪ್ಪಗಿತ್ತು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಸೀಟಿನಿಂದ ಅಮ್ಮ, "ಕಾಣ್, ಅದಕ್ಕೂ ಗೊತ್ತಿತ್ತ್," ಎಂದಳು. ಅವಮಾನವನ್ನು ನುಂಗಿಕೊಂಡು ಗಮನಿಸತೊಡಗಿದೆ. ಪೆಟ್ರೋಲು ಹಾಕಿಸಲು ಇಂಜಿನ್ ಆರಿಸಿ ಮತ್ತೆ ಹೊರಟಾಗ, ಯಾರೂ ಏನೂ ಆಡದಿದ್ದರೂ ಅದು ಲೊಚಗುಟ್ಟಿತು. ಜೊತೆಗೆ ಹೊಸ ಸ್ಟೀರಿಯೋದ ಗಡಿಯಾರ ಹನ್ನೆರಡಕ್ಕೆ ಹೋಗಿ ನಿಂತಿತು. ಪ್ರತಿ ಸಲ ಕೀ ತಿರುಗಿಸಿದಾಗಲೂ ಅದು ಹನ್ನೆರಡೇ ತೋರಿಸುತ್ತಿತ್ತು. ಹೊಸ ಮಾಲಿನ ಗಡಿಯಾರವೇ ಹಾಗೆ ಎಂದು ನಾವೆಲ್ಲ ಬಿಟ್ಟುಬಿಟ್ಟಿದ್ದೆವು. ಸತ್ಯ ಕಣ್ಣೆದುರು ಹೊಳೆಯುತ್ತಿದ್ದರೂ ಹಲ್ಲಿಯನ್ನು ಹುಡುಕುವವರು ಗಡಿಯಾರ ನೋಡುವುದಿಲ್ಲ.

ತಿರುಗಿ ಬಂದವಳು ನೇರ ತೆಕ್ಕಟ್ಟೆಗೆ ಹೋಗಿ, ಕೀ ತೆಗೆದಾಗ ಹೊಸ ಹಲಗೆಯ ಹಿಂದಿನ ಪೆಟ್ಟಿಗೆ ಎಲ್ಲವನ್ನೂ ಮರೆತುಬಿಡುತ್ತದಾ ಎಂದು ಅಣ್ಣನನ್ನು ಕೇಳಿದೆ. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಆಮೇಲೆ ಅವನೇ ಬಿಡಿಸಿ ಹೇಳಿದ. ಎ.ಸಿ.ಯ ಒಳಗೆ ಬಿಸಿಗಾಳಿ, ತಂಪುಗಾಳಿಗಳನ್ನು ತಡೆದು ಬಿಡುವ ಪುಟ್ಟ ಬಾಗಿಲುಗಳಿವೆ, ಅವುಗಳನ್ನು ತಿರುಗಿಸಲು ಪುಟ್ಟ ಮೋಟಾರುಗಳಿವೆ. ಬಾಗಿಲು ಎಲ್ಲಿ ನಿಂತಿದೆ ಎಂದು ಪೆಟ್ಟಿಗೆ ನೆನಪಿಟ್ಟುಕೊಳ್ಳಬೇಕು. ಕೆಂಪು ವಯರು ಕೀ ತಿರುಗಿಸಿದಾಗ ಮಾತ್ರ ಕರೆಂಟು ತರುತ್ತದೆ. ಹಳದಿ ವಯರು ನೇರ ಬ್ಯಾಟರಿಗೆ, ಪೆಟ್ಟಿಗೆಯ ನೆನಪಿಗೂ ಗಡಿಯಾರದ ನೆನಪಿಗೂ ಎಂದು, ಯಾವಾಗಲೂ. ಅಪ್ಪಯ್ಯನ ತಾಕೀತಿಗೆ ಹೆದರಿ ಅವನು ಹಳದಿಯನ್ನೂ ಕೆಂಪಿಗೇ ಸೇರಿಸಿ ಟೇಪು ಸುತ್ತಿದ್ದ. ಹಾಗಾಗಿ ಪ್ರತಿ ಸಲ ಕೀ ತಿರುಗಿಸಿದಾಗ ಪೆಟ್ಟಿಗೆ ಹೊಸದಾಗಿ ಹುಟ್ಟುತ್ತಿತ್ತು, ಕಣ್ಣು ಬಿಡಲು ಅದಕ್ಕೆ ಒಂದು ಮಾತು ಆಡುವಷ್ಟು ಹೊತ್ತು ಹಿಡಿಯುತ್ತಿತ್ತು. ನಿದ್ದೆಯಿಂದ ಎದ್ದವನು ಕತ್ತಲೆಯಲ್ಲಿ ಗೋಡೆ ತಡಕಿದ ಹಾಗೆ ಬಾಗಿಲುಗಳನ್ನು ಆ ತುದಿಗೂ ಈ ತುದಿಗೂ ತಳ್ಳಿ ನೋಡುತ್ತಿತ್ತು. ಆ ತಡಕಾಟದ ಶಬ್ದವೇ ನಮ್ಮ ಹಲ್ಲಿ. ಅದು ತಡಕಿ ಮುಗಿಸುವ ಮೊದಲೇ ಅಮ್ಮ ಇದ್ದ ಗುಂಡಿಗಳನ್ನೆಲ್ಲ ಒತ್ತುತ್ತಿದ್ದುದರಿಂದ ಬಾಗಿಲು ಎಲ್ಲೋ ಅರ್ಧಕ್ಕೆ ನಿಲ್ಲುತ್ತಿತ್ತು. ಹಳದಿಯನ್ನು ಬಿಡಿಸಿ ಬ್ಯಾಟರಿಗೆ ಕೊಟ್ಟರೆ ಮುಗಿಯಿತು, ಆದರೆ ಅಪ್ಪಯ್ಯನನ್ನು ಕೇಳದೆ ಮುಟ್ಟುವುದಿಲ್ಲ ಎಂದ.

ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪಯ್ಯ ಗುಡುಗು ಕೇಳಿಸಿತೆಂದು ಟೀವಿಯ ವಯರು ಸುತ್ತುತ್ತಿದ್ದರು. ವಾದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ.

"ಅಪ್ಪಯ್ಯ, ಗಾಡಿಗ್ ಕೀ ತೆಗ್ದ್ ಮೇಲೂ ಒಂಚೂರ್ ಕರೆಂಟ್ ಇರ್ಕ್."

"ಎಂತಕೆ?"

"ನೆನಪ್ ಇಟ್ಕಂಬುಕೆ."

"ಗಾಡಿಗ್ ಎಂತ ನೆನಪ್, ಹೆಣೆ?"

"ನೀವ್ ರಾತ್ರಿ ನೆನಪ್ ಆರ್ಸಿ ಮನಿಕಂತ್ರ್ಯಾ? ಬೆಳಿಗ್ಗೆ ಎದ್ದ್ ಬಚ್ಚಲ್ಮನೆ ಎಲ್ಲಿತ್ತ್ ಅಂದೇಳಿ ಗ್ವಾಡಿ ತಡ್ಕ್‌ತ್ರ್ಯಾ?"

"ನಾ ಬ್ಯಾಟ್ರಿ ಮೇಲ್ ನಡೂದಲ್ಲ."

ಒಳಗಿನಿಂದ ಅಮ್ಮ, ನಿನ್ನೆ ಹಣೆ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕಿದ್ದು ಯಾರು ಎಂದು ಕೇಳಿದಳು. ಸಭೆ ನನ್ನ ಕಡೆ ವಾಲಿತು. ಅಪ್ಪಯ್ಯ ಸುರುಳಿಯನ್ನು ಮೊಳೆಗೆ ನೇತುಹಾಕಿ, "ಬ್ಯಾಟ್ರಿ ಇಳ್ದ್ರೆ ನಿನ್ ಶೀಲ್ಡ್ ಮಾರಿ ಹೊಸ್ತ್ ಹಾಕುದ್," ಎಂದರು. ಇದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡೆ. ಅಣ್ಣ ಅಂದೇ ನನ್ನ ಟಾರ್ಚಿನ ಬೆಳಕಿನಲ್ಲಿ ಮತ್ತೆ ಹಲಗೆ ಕಿತ್ತು, ಟೇಪು ಬಿಚ್ಚಿ ಹಳದಿ ವಯರನ್ನು ಬ್ಯಾಟರಿಗೆ ಕೊಟ್ಟ. ಪೆಟ್ಟಿಗೆಯನ್ನು ಕೊನೆಯದೊಂದು ಸಲ ತಡಕಲು ಬಿಟ್ಟು ಅಮ್ಮನನ್ನು ಗುಂಡಿಗಳಿಂದ ದೂರ ಹಿಡಿದು ನಿಲ್ಲಿಸುವುದಿತ್ತಲ್ಲ, ಇಡೀ ವಯರಿಂಗಿನಲ್ಲಿ ಕಷ್ಟದ ಭಾಗ ಅದೇ. ಅಪ್ಪಯ್ಯ ಆಗ ಅಂಗಳಕ್ಕೆ ಇಳಿಯಲೂ ಇಲ್ಲ, ಲೊಚಗುಟ್ಟುವುದೂ ಇದರೊಂದಿಗೆ ನಿಲ್ಲುತ್ತದೆ ಎಂದು ಅವರಿಗೆ ಯಾರೂ ಹೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ನಾವು ನಾಲ್ವರೂ ಬೈಂದೂರಿಗೆ ಹೊರಟೆವು. ಅಲ್ಲಿಯ ತನಕ ಅಣ್ಣನೇ ಓಡಿಸಿದ, ಬೆನ್ನು ಸೀಟಿಗೆ ತಾಗಿಸದೆ. ರಘುರಾಮಣ್ಣ ದೊಡ್ಡ ಪರೀಕ್ಷಕ. ಕೂತು ಕೀ ತಿರುಗಿಸಿದರು, ತೆಗೆದರು, ಮತ್ತೆ ತಿರುಗಿಸಿದರು. ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು, ಗಾಳಿ ತಂಪಾಗಿತ್ತು, ಒಳಗಿನಿಂದ ಪಿಟ್ಟೆಂದು ಸದ್ದಿಲ್ಲ. ಹಳೆಯ ಡ್ಯಾಶ್‌ಬೋರ್ಡ್ ಎಲ್ಲಿ ಮುಗಿಯಿತು, ಹೊಸ ಹಲಗೆ ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲವಲ್ಲ ಎಂದು ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಕೊನೆಗೆ ಅಣ್ಣನ ಕಡೆ ತಿರುಗಿ, "ಬಪ್ಪ ವಾರ ಒಂದ್ ವ್ಯಾನ್ ಕಳ್ಸ್ತೆ ಮಾಣಿ. ಅದ್ ಸರಿ ಆರೆ ಉಳ್ದದ್ದೂ ನಿಂದೇ," ಎಂದರು. ಅಣ್ಣ ತಲೆಯಾಡಿಸಿದ. ಅಂಚಿನ ಮೇಲೆ ಬಿದ್ದ ಉಗುರಿನ ಗೀರನ್ನು ಅಂಗಿಯ ತುದಿಯಿಂದ ಒರೆಸಿದ.

ಬರುವಾಗ, ರಘುರಾಮಣ್ಣ ಚಾಲೂ ಇಟ್ಟಿದ್ದ ಗಾಡಿಯ ಸ್ಟೀರಿಂಗನ್ನು ಅಪ್ಪಯ್ಯನೇ ಹಿಡಿದರು. ಮರವಂತೆಯಲ್ಲಿ ಗಾಡಿ ನಿಲ್ಲಿಸಿ, ಕೀ ತೆಗೆದು, ಮೊಬೈಲು ಹಿಡಿದು ಕಡಲಿನ ಕಡೆ ನಡೆದರು. ಬೊಂಬಾಯಿ ಮಾವನ ಜೊತೆ ಮಾತು. ಗಾಳಿ ಮಾತನ್ನೆಲ್ಲ ಹೊತ್ತುಕೊಂಡು ಹೋಯಿತು, ಒಂದೇ ತುಂಡು ನಮ್ಮ ತನಕ ಬಂತು: "ಇಲ್ಲ, ಮಾಣಿ ಬತ್ತಿಲ್ಲ. ಬೇರೆಯೋರ್ನ ಕಾಣ್." ಹಿಂದಿನ ಸೀಟಿನಲ್ಲಿದ್ದ ಅಣ್ಣ ಗಾಜಿನ ಆಚೆ ಹೊಳೆಯನ್ನು ನೋಡುತ್ತ ಕೂತ. ಅಮ್ಮ ಅವನ ಮಂಡಿಯನ್ನು ಒಮ್ಮೆ ತಟ್ಟಿದಳು.

ಅಪ್ಪಯ್ಯ ಬಂದು ಕೂತರು. ಕೀ ತಿರುಗಿಸಿದರು. ತಿರುಗಿಸಿ, ಹೊಸ ಗುಂಡಿಗಳನ್ನು ಒಮ್ಮೆ ನೋಡಿ, ನಿಧಾನವಾಗಿ, "ಮಾಣಿ ಕೈಯಗ್ ಕೆಲ್ಸ ಇತ್ತ್," ಎಂದರು. ಎಂದು, ತಡೆದು ಕಾದರು. ಅಮ್ಮನ ಬೆರಳು ಕುಟ್ಟಲು ಎದ್ದು ಗಾಳಿಯಲ್ಲೇ ಉಳಿಯಿತು. ಹೇಳಲು ನಾಚಿಕೆ, ಹಲ್ಲಿಯೇ ಇಲ್ಲವೆಂದು ಸಾಧಿಸಿ ತೋರಿಸಿದ ನಾನೂ ಉಸಿರು ಹಿಡಿದು ಅದಕ್ಕೇ ಕಿವಿಗೊಟ್ಟಿದ್ದೆ. ಒಳಗಿಂದ ಏನೂ ಬರಲಿಲ್ಲ. ಆಗ ಅಪ್ಪಯ್ಯನ ಮುಖ ಒಂದು ಕ್ಷಣ ಖಾಲಿಯಾಯಿತು. ಆ ಮುಖ ನನಗೆ ಬಲು ಚೆನ್ನಾಗಿ ಗೊತ್ತು. ವಾಕ್ಯದ ಕೊನೆಗೆ ಚಪ್ಪಾಳೆ ಬರುತ್ತದೆಂದು ಜಾಗ ಬಿಟ್ಟು ನಿಂತು, ಅದು ಬರದೆ ಹೋದಾಗ ಮೈಕಿನೆದುರು ಆಗುವ ಮುಖ ಅದು. ಬ್ರಹ್ಮಾವರದಲ್ಲಿ ಒಮ್ಮೆ ನನಗೇ ಆಗಿತ್ತು. ಹಲ್ಲಿಯನ್ನು ನಂಬುವವನು ಅದರ ಮಾತನ್ನು ಹೆದರಿ ಕೇಳುತ್ತಾನೆ, ಜಾಗ ಬಿಟ್ಟು ಕಾಯುವುದಿಲ್ಲ. ಇಷ್ಟು ದಿನವೂ ಇವರು ಮೊದಲು ಕೀ ತಿರುಗಿಸಿ ಆಮೇಲೆ ಮಾತಾಡಿದ್ದೇ ಹೊರತು, ನಡುದಾರಿಯಲ್ಲಿ ಒಂದು ದಿನವೂ ಅಂಗಡಿಯ ಸುದ್ದಿ ಎತ್ತಿದವರಲ್ಲ. ನಾನು ಹಲ್ಲಿಯನ್ನು ಖಂಡಿಸುತ್ತ ತಿರುಗುವಾಗ ಹಲ್ಲಿಯಿಂದ ತನ್ನ ಪರ ಭಾಷಣ ಮಾಡಿಸಿಕೊಂಡವರು ಪಕ್ಕದಲ್ಲೇ ಗೇರು ಹಾಕುತ್ತಿದ್ದರು. ಗಾಡಿ ಮುಂದೆ ಹೊರಟಿತು, ಅವರು ರಸ್ತೆಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ನಾನು ಅವರ ಕಡೆ ಬಾಗಿ, ಹಿಂದಿನವರಿಗೆ ಕೇಳದ ಹಾಗೆ ಕೇಳಿದೆ:

"ಅಪ್ಪಯ್ಯ, ಅದ್ ಹಲ್ಲಿ ಅಲ್ಲ ಅಂದೇಳಿ ನಿಮ್ಗ್ ಯಾವತ್ತಿಂದ ಗೊತ್ತಿತ್ತ್?"