ಈ ವಾರ ಅತ್ತೆಗೆ ಯಾವ ಕಾಯಿಲೆ?

ತುಮಕೂರಿನ ನಮ್ಮ ನರ್ಸಿಂಗ್ ಕಾಲೇಜಿನ ಆ ಕೋಣೆಯಲ್ಲಿ ಅವತ್ತು ಇದ್ದವರು ಪಾಠ ಹೇಳುವ ನಾನು, ಬೆಂಚುಗಳ ತುಂಬ ಹುಡುಗಿಯರು, ಮೂಲೆಯಲ್ಲಿ ಬಾಯಿ ತೆರೆದು ಮಲಗಿದ್ದ ರಬ್ಬರ್ ಬೊಂಬೆ, ಮತ್ತು ಮಂಚದ ಮೇಲೆ ನಮ್ಮ ಸೋದರತ್ತೆ. ಈ ಅತ್ತೆಗೆ ಬಾರದ ಕಾಯಿಲೆಯಿಲ್ಲ. ನುಂಗಿದ ಮಾತ್ರೆ ಒಂದೂ ಇಲ್ಲ!

ಸೂಜಿ ಚುಚ್ಚುವುದನ್ನು ಬೊಂಬೆಯ ಮೇಲೆ ಕಲಿಯಬಹುದು. ಮಾತಾಡಿಸುವುದನ್ನು ಕಲಿಯಲು ಎದುರು ಮಾತಾಡುವ ರೋಗಿ ಬೇಕಲ್ಲ? ಅದಕ್ಕೇ ವಾರಕ್ಕೊಮ್ಮೆ ನಿಟ್ಟೂರಿನಿಂದ ಅತ್ತೆಯನ್ನು ಕರೆಸಿ, ನಟಿಸಲು ಒಂದೊಂದು ಕಾಯಿಲೆ ಕೊಡುತ್ತಿದ್ದೆ. ಸಕ್ಕರೆ ಕಾಯಿಲೆ ಕೊಟ್ಟರೆ ದಿಂಬಿನಡಿ ನಿಜವಾದ ಹೋಳಿಗೆ ಬಚ್ಚಿಟ್ಟುಕೊಂಡು ಮಲಗಿದಳು! "ತಿನ್ಬಾರ್ದು ಅಜ್ಜಿ" ಎಂದ ಹುಡುಗಿಗೇ ಒಂದು ತಿನ್ನಿಸಿ ಕಳಿಸಿದಳು. ಮಂಡಿ ನೋವಿನ ವಾರ ಬಸ್‌ಸ್ಟ್ಯಾಂಡಿನ ತನಕ ಕುಂಟಿದಳು.

"ಪಾಠ ಮುಗೀತಲ್ಲ ಅತ್ತೆ?"

"ಸುಮ್ನಿರೇ, ಸೀಟ್ ಸಿಗ್ಲಿ!"

ಹುಡುಗಿಯರಿಗೆ ಮಾರ್ಕ್ಸ್ ಹೇಳುವವಳೂ ಅತ್ತೆಯೇ, ಅದರಲ್ಲಿ ಮಾತ್ರ ಬಲು ಜಿಪುಣಿ. "ನಮಸ್ಕಾರ, ನಾನು ನಿಮ್ಮ ನರ್ಸ್, ಹೇಗಿದ್ದೀರಿ?" ಎಂದು ಒಪ್ಪಿಸಿದವಳನ್ನು ತೋರಿಸಿ ನನಗೆ ಹೇಳಿದಳು, "ಗಿಣಿ ಕಣೇ ಇದು. ಊಟ ಆಯ್ತಾ ಅಂತ ಕೇಳ್ಲೇ ಇಲ್ಲ. ಫೇಲ್ ಮಾಡು!"

ಕುಣಿಗಲ್ ಕಡೆಯ ಹುಡುಗಿಯೊಬ್ಬಳು ಹೀಗೆ ಎರಡು ಸಲ ಫೇಲಾಗಿದ್ದಳು. ಸೂಜಿ ಹಿಡಿದರೆ ಕೈ ಹೂವು. ಬಾಯಿಗೆ ಮಾತ್ರ ಬೀಗ. ಅವತ್ತು ಅವಳದು ಮೂರನೆಯ ಸಲ; ಮತ್ತೆ ಫೇಲಾದರೆ ವಾರ್ಡಿಗೆ ಬಿಡುವಂತಿಲ್ಲ, ಒಂದು ವರ್ಷ ಹಿಂದೆ ಬೀಳುತ್ತಾಳೆ. ಅವತ್ತಿನ ರೋಗಿ, ರೋಗಿಯಲ್ಲ: ಗಂಡ ಹೋದ ಸುದ್ದಿಯನ್ನು ಡಾಕ್ಟರಿಂದ ಆಗಷ್ಟೇ ಕೇಳಿದ ಹೆಂಡತಿ. ಮಾವ ಆಸ್ಪತ್ರೆಯಲ್ಲೇ ತೀರಿಕೊಂಡವರಾದ್ದರಿಂದ ಈ ಪಾತ್ರ ಅತ್ತೆಗೆ ಬೇಡವೆಂದಿದ್ದೆ.

"ಬುಡೇ, ನನಗ್ ಗೊತ್ತಿರೋದನ್ನ ಇನ್ಯಾರ್ ಮಾಡ್ತಾರೆ?" ಎಂದಿದ್ದಳು.

ಅತ್ತೆ ಎದೆ ಬಡಿದುಕೊಂಡು ಶುರು ಮಾಡಿದಳು. ಬೊಂಬೆಯೂ ಎದ್ದು ಕೂರಬೇಕು, ಅಂಥ ಅಳು! ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಕಲಿತದ್ದೆಲ್ಲ ಮರೆತುಹೋಗಿತ್ತು. ಕೊನೆಗೆ ಸ್ಟೂಲು ಎಳೆದುಕೊಂಡು ಕೂತು, ಜಾರಿದ್ದ ಅತ್ತೆಯ ಸೆರಗನ್ನು ಹೆಗಲಿಗೆ ಸರಿಮಾಡಿ, "ತಾತ ಹೆಂಗಿದ್ರು ಅಜ್ಜಿ?" ಎಂದಳು.

ಅತ್ತೆಯ ಅಳು ಥಟ್ಟನೆ ನಿಂತಿತು.

"ನಂಗೆ ಕಾಫಿ ಮಾಡಕ್ಕೇ ಬರಲ್ಲ ಅಂತ ಬೈಯೋರು ಕಣವ್ವ. ಬೈಕೊಂಡೇ ಎರಡ್ ಲೋಟ ಕುಡಿಯೋರು."

ಅದು ನಾನು ಹೇಳಿಕೊಟ್ಟ ಮಾತಾಗಿರಲಿಲ್ಲ. ಹುಡುಗಿ ಅತ್ತೆಯ ಕೈ ಹಿಡಿದು ಕೇಳುತ್ತ ಕೂತಳು.

"ಮಾರ್ಕ್ಸ್ ಎಷ್ಟತ್ತೆ?" ಎಂದೆ ಆಮೇಲೆ, ಮೆಲ್ಲಗೆ.

"ನಿಮ್ ಮಾವ ಹೋದವತ್ತು ಆಸ್ಪತ್ರೇಲಿ ಸೈನ್ ಯಾರ್ ಹಾಕ್ತೀರಾ ಅಂತ ಕೇಳಿದ್ರು ಕಣೇ. ಅವ್ರ್ ಹೆಂಗಿದ್ರು ಅಂತ ಯಾರೂ ಕೇಳ್ಲಿಲ್ಲ. ಪಾಸ್ ಮಾಡು."

ಸೋಮವಾರ ಹುಡುಗಿ ಮೊದಲ ಸಲ ವಾರ್ಡಿಗೆ ಹೋದಳು. ಅವತ್ತು ಅತ್ತೆಗೆ ಪಾತ್ರವೇನೂ ಇರಲಿಲ್ಲ. ಆದರೂ ಬೆಳಗಿನ ಬಸ್ಸಿಗೇ ನಿಟ್ಟೂರಿನಿಂದ ಬಂದು, ಆಸ್ಪತ್ರೆಯವರೆಗೂ ಅವಳ ಜೊತೆ ನಡೆದಳು. ಬಾಗಿಲಲ್ಲಿ ವಾಚ್‌ಮನ್ ತಡೆದು, "ಯಾವ್ ಪೇಷೆಂಟ್ ನೋಡ್ಬೇಕಮ್ಮ?" ಎಂದ.

"ಪೇಷೆಂಟಲ್ಲ ಕಣಪ್ಪ, ನಮ್ ನರ್ಸಮ್ಮನ್ನ ಬಿಟ್ಟೋಗಕ್ ಬಂದೆ," ಎಂದಳು. ಹುಡುಗಿ ಒಳಗೆ ಹೋಗುವವರೆಗೂ ನಿಂತಿದ್ದು, ಊರಿನ ಬಸ್ಸು ಹತ್ತಿದಳು.