ಮಸ್ಕತ್ತಿಗೆ ಡಾಟ್ ಓಎಂ ಬಂದಾಗ

ಊರಿಗೆ ಹೊಸದೇನಾದರೂ ಬಂತೆಂದರೆ ಅದರ ಜೊತೆ ನಗುವ ಪ್ರಸಂಗಗಳೂ ಸಾಲುಗಟ್ಟಿ ಬರುತ್ತವೆ. ತೊಂಬತ್ತರ ದಶಕದ ಕೊನೆಗೆ ಒಮಾನಿಗೆ ಇಂಟರ್ನೆಟ್ ಬಂದಾಗ ನಾನು ಮಸ್ಕತ್ತಿನ ವಾದಿ ಕಬೀರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿದ್ದೆ. ಗಿರಾಕಿಗಳಿಗೆ ಇಂಟರ್ನೆಟ್ಟಿನಲ್ಲಿ ಒಂದು ಹೆಸರು, ಅಂದರೆ ಡೊಮೇನ್, ಮಾಡಿಸಿಕೊಡುವುದು ನನ್ನ ಕೆಲಸ. ದೇಶಕ್ಕೊಂದು ಎರಡಕ್ಷರದ ಬಾಲ. ಒಮಾನಿನದು ಓ, ಎಂ. ಪರದೆಯ ಮೇಲೆ ಮೊದಲ ಸಲ ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ!

ಬಿಟ್ಟುಹೋದ ಸಿ

ಮೊದಲು ನಮ್ಮ ಅಂಗಡಿಗೇ ಹೆಸರು ಮಾಡಿಸಿದೆವು. ಹೊಸ ವಿಳಾಸ ಹಾಕಿ ವಿಸಿಟಿಂಗ್ ಕಾರ್ಡ್ ಅಚ್ಚಿಗೆ ಕೊಟ್ಟೆ. ಪ್ರೆಸ್ಸಿನ ಮಲಯಾಳಿ ಕಟ್ಟು ಹೊತ್ತುಕೊಂಡು ತಾನೇ ಬಂದ. ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಕಳೆ.

"ಸಾರ್, ಡಾಟ್ ಆದಮೇಲೆ ನೀವು 'ಸಿ' ಬಿಟ್ಟಿದ್ರಿ. ಎಲ್ಲದರಲ್ಲೂ ನಾನೇ ಸೇರಿಸಿದೆ. ಡಾಟ್ ಕಾಮ್!"

"ಅಯ್ಯೋ, ಇದು ಒಮಾನಿನ ಹೆಸರು. ಅದರಲ್ಲಿ ಸಿ ಇಲ್ಲವೇ ಇಲ್ಲ!"

ಅವನ ಮುಖ ಬಿಳಿಚಿತು. "ಹೌದಾ? ನಿಮ್ಮ ಬೋರ್ಡ್ ಬರೆಯುವವನಿಗೂ ಫೋನ್ ಮಾಡಿ ಹೇಳಿಬಿಟ್ಟೆನಲ್ಲ!"

ಬಲದಿಂದ ಎಡಕ್ಕೆ

ಉಡುಪಿ ಕಡೆಯ ನಮ್ಮ ಸ್ಟೋರ್‌ಕೀಪರ್ ಭಟ್ಟರಿಗೆ ಬೇರೆಯೇ ಬೇಸರ. "ಓಂ ಅಂತ ಶುರು ಮಾಡುವುದು ಗೊತ್ತುಂಟು. ಇದನ್ನು ಕೊನೆಗೆ ಹಾಕಿದ್ದು ಯಾರು ಮಾರಾಯ್ರೆ?"

"ಕೊನೆ ಅಂತ ಕಾಣುವುದು ನಮಗೆ" ಎಂದೆ. "ಕಂಪ್ಯೂಟರ್ ಹುಡುಕುವಾಗ ಬಲತುದಿಯಿಂದಲೇ ಶುರು. ಮೊದಲು ಯಾವ ದೇಶ ಅಂತ ನೋಡುತ್ತದೆ, ಆಮೇಲೆ ಎಡಕ್ಕೆ ಬಂದು ಯಾವ ಕಂಪನಿ ಅಂತ."

ಭಟ್ಟರಿಗೆ ಸಮಾಧಾನವಾಯಿತು. ಆದರೆ ಪಕ್ಕದಲ್ಲಿ ಕಾವಾ ಕಾಫಿ ಕುಡಿಯುತ್ತಿದ್ದ ಅರಬಾಬ್, ಅಂಗಡಿಯ ಒಮಾನಿ ಮಾಲೀಕರು, ಎದ್ದೇ ನಿಂತರು. "ಬಲದಿಂದ ಎಡಕ್ಕಾ? ಹಾಗಾದರೆ ಅದು ಓದುವುದು ಅರಬ್ಬಿ! ಇಷ್ಟು ದಿನ ನನಗೆ ಇಂಗ್ಲಿಷ್ ಕಲಿ ಅಂತ ಯಾಕೆ ಕಾಡಿದಿರಿ?"

ಪಕ್ಕದ ಪ್ಲಾಟು

ಎಸಿ ಬಿಡಿಭಾಗ ಮಾರುವ ಅಣ್ಣ-ತಮ್ಮ ಇಬ್ಬರಿದ್ದರು. ತಮ್ಮನ ಅಂಗಡಿ ಮಸ್ಕತ್ತಿನಲ್ಲಿ, ಅಣ್ಣನದು ಸುವೈಕಿನಲ್ಲಿ. ಎರಡಕ್ಕೂ ಅಜ್ಜನ ಹೆಸರೇ. ಆಗ ಡಾಟ್ ಕಾಮ್‌ಗೆ ಇದ್ದದ್ದು ಒಂದೇ ನಿಯಮ: ಮೊದಲು ಕೇಳಿದವನಿಗೆ ಹೆಸರು. ತಮ್ಮ ಕೇಳಿದ, ಸಿಕ್ಕಿತು. ಸುದ್ದಿ ತಿಳಿದ ಅಣ್ಣ ಸುವೈಕಿನಿಂದ ಕಾರು ಓಡಿಸಿಕೊಂಡು ಸೀದಾ ನಮ್ಮಲ್ಲಿಗೆ ನುಗ್ಗಿದ. ತಮ್ಮನೂ ಅಲ್ಲೇ ಇದ್ದ.

"ಅಜ್ಜ ಇಬ್ಬರಿಗೂ ಅಜ್ಜ. ಹೆಸರು ಇವನೊಬ್ಬನಿಗೆ ಹೇಗೆ? ಎಲ್ಲಿದೆ, ತೋರಿಸು!"

ಇಬ್ಬರೂ ಮೇಜು ಗುದ್ದುತ್ತಿದ್ದಾರೆ. ಇನ್ನೇನು ಕೈಕೈ ಮಿಲಾಯಿಸುತ್ತಾರೆ ಅನ್ನುವಾಗ ನಾನು ಆ ಹೆಸರಿನ ಪುಟ ತೆರೆದೆ. ಖಾಲಿ ಪರದೆ, ನಡುವೆ "ನಿರ್ಮಾಣ ಹಂತದಲ್ಲಿದೆ" ಎಂಬ ಒಂದೇ ಸಾಲು. ಓದಿ ಹೇಳಿದೆ. ಅಣ್ಣನ ಸಿಟ್ಟು ಜರ್ರನೆ ಇಳಿಯಿತು.

"ಅಯ್ಯೋ, ಇನ್ನೂ ಕಟ್ಟಡವೇ ಎದ್ದಿಲ್ಲ! ಖಲಾಸ್, ಜಗಳ ಯಾಕೆ? ನನಗೆ ಪಕ್ಕದ ಪ್ಲಾಟು ಹಾಕಿಸಿಕೊಡಿ."

ಹಳೇ ಕಫೀಲ್

ಇದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಇಂಟರ್ನೆಟ್ಟಿನ ಹೆಸರುಗಳನ್ನು ಇನ್ನು ಯಾರು ಆಳಬೇಕು ಎಂಬ ಬಗ್ಗೆ ಒಂದು ಹೋಟೆಲಿನಲ್ಲಿ ಉಪನ್ಯಾಸ. ಅರಬಾಬರ ಜೊತೆ ಅಂಗಡಿಯವರೆಲ್ಲ ಹೋಗಿದ್ದೆವು. ಯುರೋಪಿನಿಂದ ಬಂದ ತಜ್ಞರು ಕೈ ಬೀಸಿ ಬೀಸಿ ಹೇಳಿದರು: "ಇಷ್ಟು ದಿನ ಎಲ್ಲ ಹೆಸರುಗಳ ಮೂಲ ಅಮೆರಿಕ ಸರ್ಕಾರದ ಸುಪರ್ದಿಯಲ್ಲಿತ್ತು. ಇನ್ನು ಅದನ್ನು ಒಂದು ಹೊಸ ಸಂಸ್ಥೆ ನೋಡಿಕೊಳ್ಳುತ್ತದೆ. ಇದು ಚರಿತ್ರೆ!"

ಸಭೆ ರೋಮಾಂಚನದಿಂದ ಚಪ್ಪಾಳೆ ತಟ್ಟಿತು. ಮಂಗಳೂರಿನ ನಮ್ಮ ಕೊಂಕಣಿ ಅಕೌಂಟೆಂಟ್ ಮಾತ್ರ ಗಂಭೀರವಾಗಿ ಎದ್ದು ನಿಂತರು. "ಸರ್, ಹಳೇ ಕಫೀಲ್ ಎನ್‌ಒಸಿ ಕೊಟ್ಟಿದ್ದಾರಾ?"

ತಜ್ಞರು ತಬ್ಬಿಬ್ಬು. ನಾನು ವಿವರಿಸಿದೆ: ಇಲ್ಲಿ ನಮ್ಮ ವೀಸಾಕ್ಕೆ ಹೊಣೆಯಾಗಿ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಧಣಿಯೇ ಕಫೀಲ್, ಅವನು ಒಪ್ಪಿ ಬರೆದುಕೊಡದೆ ನಾವು ಬೇರೆ ಕಡೆ ಕೆಲಸಕ್ಕೆ ಸೇರುವಂತಿಲ್ಲ.

ತಜ್ಞರು ಗಲ್ಲ ಕೆರೆದುಕೊಂಡರು. "ಪೂರ್ತಿಯಾಗಿ ಕೊಟ್ಟಿಲ್ಲ. ಕೆಲಸ ಹೊಸ ಸಂಸ್ಥೆಯದು, ಆದರೆ ಮೂಲದಲ್ಲಿ ಏನು ಬದಲಾಯಿಸಬೇಕಾದರೂ ಅಮೆರಿಕ ಒಪ್ಪಬೇಕು."

ಅಕೌಂಟೆಂಟ್ ನಿಟ್ಟುಸಿರು ಬಿಟ್ಟು ಕೂತರು. "ಹಾಗಾದರೆ ಪಾಸ್‌ಪೋರ್ಟ್ ಇನ್ನೂ ಹಳೇ ಕಫೀಲನ ಕೈಯಲ್ಲೇ ಉಂಟು. ಪಾಪ, ಇಂಟರ್ನೆಟ್ಟೂ ನಮ್ಮ ಹಾಗೆಯೇ!"

ಸಭೆಯಲ್ಲಿದ್ದ ಮಲಯಾಳಿ, ಪಾಕಿಸ್ತಾನಿ, ಬಂಗಾಳಿ ಎಲ್ಲರೂ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಅರಬಾಬ್. ನಮ್ಮ ಅಂಗಡಿಯವರೆಲ್ಲರ ಪಾಸ್‌ಪೋರ್ಟುಗಳೂ ಅವರ ತಿಜೋರಿಯಲ್ಲೇ ಇದ್ದವು.